ದುಡಿದರೂ ಕಡಿತ, ದುಡಿಯದಿದ್ದರೂ ಕಡಿತ: ಅಮೆರಿಕದ ಮೆಡಿಕೇಡ್ ಷರತ್ತಿನ ಹಿಂದಿನ ಅರ್ಥಶಾಸ್ತ್ರ

ಅಮೆರಿಕದಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಗೆ ಮೆಡಿಕೇಡ್ ಎಂದು ಹೆಸರು. 1965ರಲ್ಲಿ ಆರಂಭವಾದ ಈ ಯೋಜನೆಗೆ ಇಡೀ ದೇಶಕ್ಕೆ ಅನ್ವಯಿಸುವ ದುಡಿಮೆಯ ಷರತ್ತು ಎಂದೂ ಇರಲಿಲ್ಲ. 2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ತೆರಿಗೆ ಮತ್ತು ವೆಚ್ಚದ ಕಾಯ್ದೆ ಅಂಥದ್ದೊಂದು ಷರತ್ತನ್ನು ತಂದಿದೆ. 2027ರ ಜನವರಿ 1ರೊಳಗೆ ರಾಜ್ಯಗಳು ಅದನ್ನು ಜಾರಿಗೊಳಿಸಬೇಕು.

ಸುದ್ದಿಯನ್ನು ಹಿಂಬಾಲಿಸಿದವರನ್ನು ಗೊಂದಲಕ್ಕೆ ದೂಡುವುದು ಎರಡೂ ಕಡೆಯವರ ಲೆಕ್ಕ. ದುಡಿಯಬಲ್ಲವರು ಮನೆಯಲ್ಲಿ ಕೂತು ಸರ್ಕಾರದ ವಿಮೆ ಪಡೆಯುತ್ತಿದ್ದಾರೆ, ಷರತ್ತು ಅವರನ್ನು ಕೆಲಸಕ್ಕೆ ಹಚ್ಚುತ್ತದೆ ಎಂಬುದು ಬೆಂಬಲಿಗರ ಮಾತು. ಮೆಡಿಕೇಡ್ ಪಡೆಯುವ ವಯಸ್ಕರಲ್ಲಿ ಬಹುತೇಕರು ಈಗಾಗಲೇ ದುಡಿಯುತ್ತಿದ್ದಾರೆ, ಉಳಿದವರಿಗೆ ದುಡಿಯಲಾಗದ ಕಾರಣಗಳಿವೆ ಎಂಬುದು ವಿರೋಧಿಗಳ ಮಾತು. ಇವೆರಡರ ನಡುವೆ ಸಂಸತ್ತಿನ ಬಜೆಟ್ ಕಚೇರಿಯ ಅಂದಾಜೊಂದಿದೆ: ಈ ಕಾಯ್ದೆಯಿಂದಾಗಿ 2034ರ ಹೊತ್ತಿಗೆ ಸುಮಾರು 1 ಕೋಟಿ ಜನ ಹೆಚ್ಚುವರಿಯಾಗಿ ವಿಮೆಯಿಲ್ಲದವರಾಗುತ್ತಾರೆ, ಅವರಲ್ಲಿ ಅರ್ಧದಷ್ಟು ಜನ ದುಡಿಮೆಯ ಷರತ್ತಿನಿಂದಲೇ ಹೊರಬೀಳುತ್ತಾರೆ. ಬಹುತೇಕರು ದುಡಿಯುತ್ತಿರುವುದೇ ನಿಜವಾದರೆ ಇಷ್ಟು ಜನ ಹೊರಬೀಳುವುದು ಹೇಗೆ? ಷರತ್ತು ಎಲ್ಲರನ್ನೂ ಕೆಲಸಕ್ಕೆ ಹಚ್ಚುವುದಾದರೆ ಖಜಾನೆಗೆ ಉಳಿತಾಯವಾಗುವುದು ಎಲ್ಲಿಂದ?

ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ, ನೆರವು ಮತ್ತು ದುಡಿಮೆಯ ಸಂಬಂಧದ ಬಗ್ಗೆ ಅರ್ಥಶಾಸ್ತ್ರಜ್ಞರು ಐದಾರು ದಶಕಗಳಿಂದ ನಡೆಸಿಕೊಂಡು ಬಂದಿರುವ ಒಂದು ವಾದವನ್ನು ತಿಳಿಯಬೇಕು. ಷಿಕಾಗೊ ವಿಶ್ವವಿದ್ಯಾಲಯದ ಕೇಸಿ ಮುಲಿಗನ್ ಅವರ ಸಂಶೋಧನೆ ಆ ವಾದದ ಅತ್ಯಂತ ಖಾರವಾದ ರೂಪ. ಅವರ ತೀರ್ಮಾನಗಳನ್ನು ಒಪ್ಪಲಿ ಬಿಡಲಿ, ಅವರು ಎತ್ತಿದ ಪ್ರಶ್ನೆಯನ್ನು ಬದಿಗೆ ಸರಿಸಿ ಈ ಚರ್ಚೆಯನ್ನು ನಡೆಸುವಂತಿಲ್ಲ.

ಕಾಯ್ದೆಯಲ್ಲಿ ಇರುವುದೇನು?

ಷರತ್ತು ಮೆಡಿಕೇಡ್‌ನ ಎಲ್ಲ ಫಲಾನುಭವಿಗಳಿಗೂ ಅನ್ವಯಿಸುವುದಿಲ್ಲ. ಮಕ್ಕಳು, ವೃದ್ಧರು, ಅಂಗವೈಕಲ್ಯದ ಆಧಾರದ ಮೇಲೆ ಸೇರಿದವರು ಇದರ ಹೊರಗಿದ್ದಾರೆ. ಒಬಾಮಾಕೇರ್ ಎಂದೇ ಹೆಸರಾದ 2010ರ ಆರೋಗ್ಯ ಕಾಯ್ದೆಯಡಿ ಬಡತನ ರೇಖೆಯ ಶೇ 138ರವರೆಗೆ ಆದಾಯವಿರುವ ವಯಸ್ಕರಿಗೂ ಮೆಡಿಕೇಡ್ ವಿಸ್ತರಿಸುವ ಅವಕಾಶ ರಾಜ್ಯಗಳಿಗಿದೆ. ಇದುವರೆಗೆ 40 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಹಾಗೆ ವಿಸ್ತರಿಸಿವೆ. 2025ರ ಲೆಕ್ಕದಲ್ಲಿ ಒಂಟಿ ವ್ಯಕ್ತಿಗೆ ಈ ಮಿತಿ ವರ್ಷಕ್ಕೆ ಸುಮಾರು 21,600 ಡಾಲರ್. ಹೀಗೆ ಸೇರಿದ 19ರಿಂದ 64 ವರ್ಷದವರೇ ಹೊಸ ಷರತ್ತಿನ ಗುರಿ.

ಅವರು ತಿಂಗಳಿಗೆ 80 ಗಂಟೆ ದುಡಿಯಬೇಕು, ಇಲ್ಲವೇ ಸಮುದಾಯ ಸೇವೆ, ತರಬೇತಿ ಅಥವಾ ಶಿಕ್ಷಣದಲ್ಲಿ ತೊಡಗಿರಬೇಕು. ಗಂಟೆಗಳ ಬದಲು ಆದಾಯವನ್ನು ತೋರಿಸಿದರೂ ಆಗುತ್ತದೆ. ಗಂಟೆಗೆ 7.25 ಡಾಲರಿನ ಕೇಂದ್ರ ಕನಿಷ್ಠ ವೇತನದಂತೆ 80 ಗಂಟೆಗೆ ಆಗುವ 580 ಡಾಲರ್ ತಿಂಗಳ ಗಳಿಕೆ ಸಾಕು. ಗರ್ಭಿಣಿಯರಿಗೆ, 13 ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳ ಪೋಷಕರಿಗೆ, ಗಂಭೀರ ಅನಾರೋಗ್ಯ ಇರುವವರಿಗೆ ವಿನಾಯಿತಿ ಇದೆ. ಅರ್ಹತೆಯನ್ನು ವರ್ಷಕ್ಕೊಮ್ಮೆ ಪರಿಶೀಲಿಸುತ್ತಿದ್ದದ್ದು ಇನ್ನು ಆರು ತಿಂಗಳಿಗೊಮ್ಮೆ ಆಗಲಿದೆ. ಷರತ್ತು ಪೂರೈಸದೆ ಮೆಡಿಕೇಡ್ ಕಳೆದುಕೊಂಡವರಿಗೆ ಖಾಸಗಿ ವಿಮೆ ಕೊಳ್ಳಲು ಒಬಾಮಾಕೇರ್‌ನ ವಿಮಾ ಮಾರುಕಟ್ಟೆಯಲ್ಲಿ ಕೊಡುವ ಸರ್ಕಾರಿ ಸಹಾಯಧನವೂ ಸಿಗುವುದಿಲ್ಲ. ಈ ಕೊನೆಯ ಅಂಶ ಸುದ್ದಿಗಳಲ್ಲಿ ಅಷ್ಟಾಗಿ ಕಾಣಿಸಿಕೊಳ್ಳಲಿಲ್ಲವಾದರೂ ಪರಿಣಾಮದ ದೃಷ್ಟಿಯಿಂದ ಅದು ಸಣ್ಣದಲ್ಲ.

ತೆರಿಗೆ ಎಂದು ಕರೆಸಿಕೊಳ್ಳದ ತೆರಿಗೆ

ನೆರವಿನಿಂದ ದುಡಿಮೆ ಕುಗ್ಗುತ್ತದೆ ಎಂಬ ಮಾತನ್ನು ಸಾಮಾನ್ಯವಾಗಿ ಜನರ ಸ್ವಭಾವದ ಮೇಲಿನ ಟೀಕೆಯಾಗಿ ಕೇಳುತ್ತೇವೆ. ಅರ್ಥಶಾಸ್ತ್ರದಲ್ಲಿ ಅದು ಸ್ವಭಾವದ ಮಾತಾಗಿರದೆ ಲೆಕ್ಕದ ಮಾತಾಗಿದೆ. ಆದಾಯ ಹೆಚ್ಚಿದಂತೆ ನೆರವು ಇಳಿಯುವ ಯಾವುದೇ ಯೋಜನೆಯಲ್ಲಿ, ಹೆಚ್ಚುವರಿಯಾಗಿ ಗಳಿಸಿದ ಪ್ರತಿ ಡಾಲರಿನ ಒಂದು ಭಾಗ ಕೈಬಿಟ್ಟು ಹೋಗುತ್ತದೆ. ಸರ್ಕಾರ ಅದನ್ನು ತೆರಿಗೆಯೆಂದು ವಸೂಲು ಮಾಡಿದರೂ ಒಂದೇ, ನೆರವಿನಲ್ಲಿ ಕಡಿದರೂ ಒಂದೇ. ದುಡಿಯುವವರ ಜೇಬಿಗೆ ಆಗುವ ಪರಿಣಾಮದಲ್ಲಿ ವ್ಯತ್ಯಾಸವಿಲ್ಲ. ಈ ಎಲ್ಲ ಕಡಿತಗಳನ್ನು ಕೂಡಿಸಿದಾಗ ಬರುವ ದರವನ್ನು ಸೀಮಾಂತ ತೆರಿಗೆ ದರ ಎನ್ನುತ್ತಾರೆ.

ಇಬ್ಬರು ಮಕ್ಕಳಿರುವ ಒಂಟಿ ತಾಯಿಯೊಬ್ಬಳು 100 ಡಾಲರ್ ಹೆಚ್ಚು ಗಳಿಸಿದಳೆಂದು ಇಟ್ಟುಕೊಳ್ಳೋಣ. ಸಾಮಾಜಿಕ ಭದ್ರತೆಗೆ ಮತ್ತು ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಸಂಬಳದಿಂದ ಕಡಿತವಾಗುವುದು 7.65 ಡಾಲರ್. ದುಡಿಯುವ ಬಡ ಕುಟುಂಬಗಳಿಗೆ ಸಿಗುವ ಇಐಟಿಸಿ ಎಂಬ ತೆರಿಗೆ ಮರುಪಾವತಿಯು, ಆದಾಯ ಒಂದು ಮಟ್ಟ ದಾಟಿದ ಮೇಲೆ, 100 ಡಾಲರಿಗೆ 21.06 ಡಾಲರಿನಂತೆ ಇಳಿಯುತ್ತದೆ. ಸ್ನ್ಯಾಪ್ ಎಂಬ ಆಹಾರ ನೆರವು ಸರಳವಾದ ಲೆಕ್ಕದಲ್ಲಿ 24 ಡಾಲರಿನಷ್ಟು ಇಳಿಯುತ್ತದೆ. ಈ ಮೂರರಲ್ಲೇ ಸುಮಾರು 53 ಡಾಲರ್ ಹೋಯಿತು. ಮನೆ ಬಾಡಿಗೆಗೂ ನೆರವು ಸಿಗುತ್ತಿದ್ದರೆ ಕಡಿತ ಇನ್ನೂ ಏರುತ್ತದೆ, ಏಕೆಂದರೆ ಆ ಯೋಜನೆಯಲ್ಲಿ ಆದಾಯದ ಶೇ 30ರಷ್ಟನ್ನು ಬಾಡಿಗೆಯಾಗಿ ಕಟ್ಟಬೇಕು. ಕೋಟ್ಯಧಿಪತಿಯ ಮೇಲಿನ ಕೇಂದ್ರ ಆದಾಯ ತೆರಿಗೆಯ ಅತಿ ಹೆಚ್ಚಿನ ದರ ಶೇ 37 ಎಂಬುದನ್ನು ನೆನೆದರೆ ಈ ಅಂಕಿ ವಿಚಿತ್ರವಾಗಿ ಕಾಣುತ್ತದೆ. ಆದರೆ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು: ಎಲ್ಲ ನೆರವನ್ನೂ ಒಟ್ಟಿಗೆ ಪಡೆಯುವ ಕುಟುಂಬಗಳು ಕಡಿಮೆ. ವಸತಿ ನೆರವಿಗೆ ಅರ್ಹರಾದ ಕುಟುಂಬಗಳಲ್ಲಿ ಅದು ನಿಜಕ್ಕೂ ಸಿಗುವುದು ಸುಮಾರು ನಾಲ್ಕರಲ್ಲಿ ಒಂದಕ್ಕೆ ಮಾತ್ರ. ಭೀಕರವಾದ ದರಗಳನ್ನು ಉದಾಹರಿಸುವ ಭಾಷಣಗಳು ಇದನ್ನು ಮರೆಯುತ್ತವೆ.

ಹಾಗಿದ್ದರೆ ಕಡಿತದ ದರವನ್ನೇ ಇಳಿಸಿಬಿಡಬಹುದಲ್ಲ ಎನಿಸುತ್ತದೆ. 1962ರಲ್ಲಿ ಮಿಲ್ಟನ್ ಫ್ರೀಡ್‌ಮನ್ ಋಣಾತ್ಮಕ ಆದಾಯ ತೆರಿಗೆಯ ಪ್ರಸ್ತಾಪ ಮುಂದಿಟ್ಟದ್ದು ಇದೇ ಆಲೋಚನೆಯಿಂದ. ಹತ್ತಾರು ಯೋಜನೆಗಳ ಬದಲು ಒಂದೇ ನಗದು ನೆರವು, ಆದಾಯ ಏರಿದಂತೆ ಮೆಲ್ಲಗೆ ಇಳಿಯುವಂತೆ. ತೊಡಕಿರುವುದು ಲೆಕ್ಕದಲ್ಲಿ. ಆದಾಯವೇ ಇಲ್ಲದವರಿಗೆ 10,000 ಡಾಲರ್ ಕೊಟ್ಟು, ಗಳಿಸಿದ ಪ್ರತಿ ಡಾಲರಿಗೆ 50 ಸೆಂಟ್ ಕಡಿದರೆ ನೆರವು 20,000 ಡಾಲರ್ ಆದಾಯದ ಹೊತ್ತಿಗೆ ಮುಗಿಯುತ್ತದೆ. 25 ಸೆಂಟ್ ಮಾತ್ರ ಕಡಿದರೆ ಅದು 40,000 ಡಾಲರ್ ಆದಾಯದವರೆಗೂ ಹರಡಿಕೊಳ್ಳುತ್ತದೆ. ಬಡವರ ಮೇಲಿನ ದರ ಇಳಿಯಿತು, ನಿಜ. ಆದರೆ ಮೊದಲು ಯೋಜನೆಯ ಹೊರಗಿದ್ದ, ಸಂಖ್ಯೆಯಲ್ಲಿ ಹೆಚ್ಚಾಗಿರುವ ಕೆಳ ಮಧ್ಯಮ ವರ್ಗದವರು ಈಗ ಅದರೊಳಗೆ ಬಂದು ಅವರ ಮೇಲಿನ ದರ ಏರಿತು, ಖರ್ಚೂ ಏರಿತು. ಸಾಕಷ್ಟು ನೆರವು, ಕಡಿಮೆ ಕಡಿತ, ಕಡಿಮೆ ಖರ್ಚು, ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. 1971ರಲ್ಲಿ ಜೇಮ್ಸ್ ಮಿರ್ಲೀಸ್ ಈ ಇಕ್ಕಟ್ಟಿಗೆ ಗಣಿತದ ರೂಪ ಕೊಟ್ಟರು. 1996ರಲ್ಲಿ ಅವರಿಗೆ ಬಂದ ನೊಬೆಲ್ ಪ್ರಶಸ್ತಿಯ ಹಿಂದೆ ಆ ಕೆಲಸವಿತ್ತು.

ಸಿದ್ಧಾಂತವನ್ನು ಪರೀಕ್ಷಿಸಲು 1968ರಿಂದ 1982ರವರೆಗೆ ಅಮೆರಿಕ ಸರ್ಕಾರ ನ್ಯೂಜೆರ್ಸಿ, ಸಿಯಾಟಲ್, ಡೆನ್ವರ್ ಮೊದಲಾದ ಕಡೆ ನಿಜವಾದ ಕುಟುಂಬಗಳ ಮೇಲೆ ಪ್ರಯೋಗ ನಡೆಸಿತು. ಫಲಿತಾಂಶ ಎರಡೂ ಕಡೆಯವರಿಗೆ ಅರ್ಧ ಸಿಹಿ ಅರ್ಧ ಕಹಿ. ನೆರವು ಪಡೆದವರು ಕಡಿಮೆ ದುಡಿದದ್ದು ನಿಜ, ಆದರೆ ಮನೆಯ ಮುಖ್ಯ ಸಂಪಾದಕರಲ್ಲಿ ಆ ಇಳಿಕೆ ಸಾಧಾರಣ ಮಟ್ಟದ್ದು, ಎರಡನೆಯ ಸಂಪಾದಕರಲ್ಲಿ ಅದಕ್ಕಿಂತ ಹೆಚ್ಚು. ಕೆಲಸ ಬಿಟ್ಟು ಓಡುವ ಜನಸಮೂಹ ಎಲ್ಲೂ ಕಾಣಲಿಲ್ಲ.

ಮುಲಿಗನ್ ಹೇಳಿದ್ದೇನು?

2007ರ ಡಿಸೆಂಬರಿನಲ್ಲಿ ಶೇ 5ರಷ್ಟಿದ್ದ ಅಮೆರಿಕದ ನಿರುದ್ಯೋಗ 2009ರ ಅಕ್ಟೋಬರಿನಲ್ಲಿ ಶೇ 10ಕ್ಕೆ ಮುಟ್ಟಿತು. ಬ್ಯಾಂಕುಗಳು ಕುಸಿದವು, ಜನ ಖರ್ಚು ನಿಲ್ಲಿಸಿದರು, ಬೇಡಿಕೆ ಬಿದ್ದುಹೋಯಿತು, ಅದರಿಂದ ಕೆಲಸಗಳು ಹೋದವು ಎಂಬುದು ಹೆಚ್ಚಿನ ಅರ್ಥಶಾಸ್ತ್ರಜ್ಞರ ವಿವರಣೆ. ಮುಲಿಗನ್ 2012ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕಥೆಯನ್ನು ಮಗ್ಗುಲು ಬದಲಿಸಿ ನೋಡಿದರು. ಹಿಂಜರಿತದ ಆ ಎರಡು ವರ್ಷಗಳಲ್ಲೇ ನಿರುದ್ಯೋಗ ಭತ್ಯೆಯ ಅವಧಿ ಕೆಲವು ರಾಜ್ಯಗಳಲ್ಲಿ 99 ವಾರಗಳವರೆಗೆ ಏರಿತ್ತು, ಆಹಾರ ನೆರವಿನ ಮೊತ್ತ ಮತ್ತು ಅರ್ಹತೆ ಹಿಗ್ಗಿದ್ದವು, ಕೆಲಸ ಕಳೆದುಕೊಂಡವರ ಆರೋಗ್ಯ ವಿಮೆಗೆ ಸಹಾಯಧನ ಬಂದಿತ್ತು, ಸಾಲ ಕಟ್ಟಲಾಗದವರಿಗೆ ಆದಾಯ ನೋಡಿ ರಿಯಾಯಿತಿ ಕೊಡಲಾಗುತ್ತಿತ್ತು. ಇವೆಲ್ಲವನ್ನೂ ಕೂಡಿಸಿದರೆ, ಮಧ್ಯಮ ಮಟ್ಟದ ಗಳಿಕೆಯ ಕುಟುಂಬದ ಯಜಮಾನ ಅಥವಾ ಸಂಗಾತಿ ಎದುರಿಸುತ್ತಿದ್ದ ಸೀಮಾಂತ ತೆರಿಗೆ ದರ ಸುಮಾರು ಶೇ 40ರಿಂದ ಶೇ 48ಕ್ಕೆ ಏರಿತು ಎಂಬುದು ಅವರ ಲೆಕ್ಕ. ದುಡಿಮೆಯ ಗಂಟೆಗಳಲ್ಲಿ ಆದ ಇಳಿಕೆಯ ಅರ್ಧದಷ್ಟಾದರೂ ಇದರಿಂದಲೇ ಆಯಿತು ಎಂದು ಅವರು ವಾದಿಸಿದರು.

ಈ ವಾದದ ಶಕ್ತಿ ಇರುವುದು ಅದರ ಲೆಕ್ಕಪತ್ರದಲ್ಲಿ. ಬೇರೆ ಬೇರೆ ಇಲಾಖೆಗಳು, ಬೇರೆ ಬೇರೆ ಕಾಯ್ದೆಗಳ ಅಡಿಯಲ್ಲಿ ನಡೆಸುವ ಯೋಜನೆಗಳ ಪರಿಣಾಮವನ್ನು ಒಬ್ಬನೇ ದುಡಿಯುವ ಮನುಷ್ಯನ ಕೈಯಲ್ಲಿ ಕೂಡಿಸಿ ನೋಡಬೇಕು ಎಂದು ಅವರು ಹಟ ಹಿಡಿದರು. ಕಾಯ್ದೆ ಬರೆಯುವವರು ಸಾಮಾನ್ಯವಾಗಿ ಹಾಗೆ ನೋಡುವುದಿಲ್ಲ. ತಮ್ಮ ಯೋಜನೆಯ ಶೇ 20ರ ಕಡಿತ ಅವರಿಗೆ ಸಣ್ಣದೆನಿಸುತ್ತದೆ, ಅದರ ಮೇಲೆ ಇನ್ನೂ ಮೂರು ಶೇ 20 ಬಂದು ಕೂತಿರುವುದು ಯಾರ ಮೇಜಿನ ಮೇಲೂ ಕಾಣುವುದಿಲ್ಲ.

ದೌರ್ಬಲ್ಯ ಇರುವುದು ಕಾರಣ ಯಾವುದು, ಪರಿಣಾಮ ಯಾವುದು ಎಂಬಲ್ಲಿ. ಜನ ದುಡಿಯಲು ಹಿಂಜರಿದದ್ದೇ ಮುಖ್ಯ ಕಾರಣವಾಗಿದ್ದರೆ ಖಾಲಿ ಹುದ್ದೆಗಳು ತುಂಬದೆ ಉಳಿಯಬೇಕಿತ್ತು, ಕೆಲಸಗಾರರನ್ನು ಸೆಳೆಯಲು ಮಾಲೀಕರು ಪೈಪೋಟಿ ನಡೆಸಬೇಕಿತ್ತು. ಆದದ್ದು ತದ್ವಿರುದ್ಧ. 2009ರ ಮಧ್ಯದಲ್ಲಿ ಒಂದೊಂದು ಖಾಲಿ ಹುದ್ದೆಗೆ ಆರಕ್ಕೂ ಹೆಚ್ಚು ನಿರುದ್ಯೋಗಿಗಳಿದ್ದರು. ಭತ್ಯೆಯ ವಿಸ್ತರಣೆಯ ಪರಿಣಾಮವನ್ನೇ ಪ್ರತ್ಯೇಕವಾಗಿ ಅಳೆದ ಜೆಸ್ಸಿ ರಾಥ್‌ಸ್ಟೀನ್, 2011ರ ಆರಂಭದ ನಿರುದ್ಯೋಗ ದರವನ್ನು ಅದು ಏರಿಸಿದ್ದು 0.1ರಿಂದ 0.5 ಶೇಕಡಾವಾರು ಅಂಶದಷ್ಟು ಮಾತ್ರ ಎಂದು ಕಂಡುಕೊಂಡರು. ಅದರಲ್ಲೂ ಒಂದು ಪಾಲು, ಭತ್ಯೆ ಸಿಗುವ ಕಾರಣಕ್ಕೆ ಕೆಲಸ ಹುಡುಕುವುದನ್ನು ಕೈಬಿಡದೆ ಉಳಿದವರದ್ದು. ನೆರವು ಹಿಗ್ಗಿದ್ದು ಹಿಂಜರಿತ ಬಂದದ್ದಕ್ಕೆ. ಹಿಂಜರಿತ ಬಂದದ್ದು ನೆರವು ಹಿಗ್ಗಿದ್ದಕ್ಕೆ ಎಂದು ಹೇಳಲು ಮುಲಿಗನ್ ಅವರಲ್ಲಿದ್ದ ಪುರಾವೆ ಸಾಲದು ಎಂದೇ ಹೇಳಬೇಕಾಗುತ್ತದೆ.

‘ಇಪ್ಪತ್ತು ಲಕ್ಷ ಉದ್ಯೋಗ’ಗಳ ಗಲಾಟೆ

ಹಿಂಜರಿತದ ಬಗ್ಗೆ ಅವರ ವಾದಕ್ಕೆ ಮನ್ನಣೆ ಸಿಗದಿದ್ದರೂ, ಒಬಾಮಾಕೇರ್ ಬಗ್ಗೆ ಅವರು ಕೇಳಿದ ಪ್ರಶ್ನೆಗೆ ಸಿಕ್ಕಿತು. ಆದಾಯ ನೋಡಿ ವಿಮೆಗೆ ಸಹಾಯಧನ ಕೊಟ್ಟರೆ ಅದೂ ಒಂದು ಗುಪ್ತ ತೆರಿಗೆಯಾಗುತ್ತದೆ ಎಂದು ಅವರು ವಾದಿಸುತ್ತ ಬಂದಿದ್ದರು. 2014ರ ಫೆಬ್ರುವರಿಯಲ್ಲಿ ಬಜೆಟ್ ಕಚೇರಿ ತನ್ನ ಹಿಂದಿನ ಅಂದಾಜನ್ನು ಪರಿಷ್ಕರಿಸಿ, ಆ ಕಾಯ್ದೆಯಿಂದ ದುಡಿಮೆಯ ಗಂಟೆಗಳು ಶೇ 1.5ರಿಂದ ಶೇ 2ರಷ್ಟು ಇಳಿಯುತ್ತವೆ, ಅದು 2017ರಲ್ಲಿ 20 ಲಕ್ಷ ಪೂರ್ಣಾವಧಿ ಕೆಲಸಗಾರರ ದುಡಿಮೆಗೆ ಸಮ ಎಂದಿತು.

‘20 ಲಕ್ಷ ಉದ್ಯೋಗ ನಷ್ಟ’ ಎಂದು ಸುದ್ದಿಯಾಯಿತು. ವರದಿ ಹೇಳಿದ್ದು ಅದಲ್ಲ. ಮಾಲೀಕರು ಕೆಲಸದಿಂದ ತೆಗೆಯುವುದಕ್ಕೂ ಕೆಲಸಗಾರರು ತಾವಾಗಿ ಗಂಟೆ ಕಡಿಮೆ ಮಾಡಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಇಳಿಕೆ ಬಹುಪಾಲು ಎರಡನೆಯ ಬಗೆಯದ್ದು ಎಂದು ಕಚೇರಿ ಸ್ಪಷ್ಟವಾಗಿಯೇ ಬರೆದಿತ್ತು. ವಿಮೆಗಾಗಿಯೇ ಬೇಡದ ಕೆಲಸಕ್ಕೆ ಅಂಟಿಕೊಂಡಿದ್ದ, ನಿವೃತ್ತಿಯ ಹೊಸ್ತಿಲಲ್ಲಿರುವ ವ್ಯಕ್ತಿ ಕೆಲಸ ಬಿಟ್ಟರೆ ಅದು ಅವನಿಗೆ ಲಾಭ ಎಂಬುದು ಆಗಿನ ಶ್ವೇತಭವನದ ಉತ್ತರ. ಅವನು ಬಿಟ್ಟ ದುಡಿಮೆಯಿಂದ ಬರುತ್ತಿದ್ದ ತೆರಿಗೆ ಹೋಯಿತು, ಅವನ ವಿಮೆಯ ಹೊರೆ ಇತರರ ಮೇಲೆ ಬಿತ್ತು, ಆದ್ದರಿಂದ ಅವನ ಲಾಭವನ್ನಷ್ಟೇ ಎಣಿಸುವಂತಿಲ್ಲ ಎಂಬುದು ಮುಲಿಗನ್ ಪಕ್ಷದ ಮಾತು. ಎರಡೂ ಸರಿಯೇ. ಎಷ್ಟು ಜನ ಹಾಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ಉಳಿದದ್ದು ನಿಂತಿದೆ, ಅದನ್ನು ತರ್ಕದಿಂದ ತೀರ್ಮಾನಿಸಲಾಗದು.

ಟೆನೆಸ್ಸಿ ಒಂದು ಹೇಳಿತು, ಒರೆಗಾನ್ ಮತ್ತೊಂದು

ಸರ್ಕಾರಿ ವಿಮೆಯಿಂದ ದುಡಿಮೆ ಕುಗ್ಗುತ್ತದೆಯೇ ಎಂಬುದಕ್ಕೆ ಎರಡು ಪ್ರಸಿದ್ಧ ಪುರಾವೆಗಳಿವೆ, ಎರಡೂ ಬೇರೆ ಬೇರೆ ದಿಕ್ಕಿಗೆ ಕೈ ತೋರಿಸುತ್ತವೆ. 2005ರಲ್ಲಿ ಟೆನೆಸ್ಸಿ ರಾಜ್ಯ ಹಣವಿಲ್ಲವೆಂದು ಸುಮಾರು 1,70,000 ವಯಸ್ಕರನ್ನು ತನ್ನ ಸಾರ್ವಜನಿಕ ವಿಮೆಯಿಂದ ಕೈಬಿಟ್ಟಿತು. ಅದಾದ ಮೇಲೆ ಅಲ್ಲಿ ಕೆಲಸಕ್ಕೆ ಸೇರಿದವರ ಸಂಖ್ಯೆ, ಅದರಲ್ಲೂ ಮಾಲೀಕರೇ ವಿಮೆ ಕೊಡುವ ಕೆಲಸಗಳಿಗೆ ಸೇರಿದವರ ಸಂಖ್ಯೆ, ಗಮನಾರ್ಹವಾಗಿ ಏರಿತು ಎಂದು 2014ರಲ್ಲಿ ಕ್ರೇಗ್ ಗಾರ್ತ್‌ವೇಟ್ ಮತ್ತು ಸಂಗಡಿಗರು ಪ್ರಕಟಿಸಿದರು. ಇನ್ನೊಂದು ಕಡೆ, 2008ರಲ್ಲಿ ಒರೆಗಾನ್ ರಾಜ್ಯದಲ್ಲಿ ಮೆಡಿಕೇಡ್ ಜಾಗಗಳಿಗಿಂತ ಅರ್ಜಿದಾರರು ಹೆಚ್ಚಾಗಿದ್ದರಿಂದ ಸರ್ಕಾರ ಚೀಟಿ ಎತ್ತಿ ಹಂಚಿತು. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ, ಏಕೆಂದರೆ ಚೀಟಿ ಬಂದವರಿಗೂ ಬಾರದವರಿಗೂ ಅದೃಷ್ಟದ ಹೊರತು ಬೇರೆ ವ್ಯತ್ಯಾಸವಿರುವುದಿಲ್ಲ. ವಿಮೆ ಸಿಕ್ಕವರ ಉದ್ಯೋಗದಲ್ಲಾಗಲಿ ಗಳಿಕೆಯಲ್ಲಾಗಲಿ ಗಣನೀಯ ಬದಲಾವಣೆ ಕಾಣಲಿಲ್ಲ ಎಂದು ಕ್ಯಾಥರೀನ್ ಬೈಕರ್, ಆಮಿ ಫಿಂಕೆಲ್‌ಸ್ಟೀನ್ ಮತ್ತಿತರರು ಅದೇ 2014ರಲ್ಲಿ ವರದಿ ಮಾಡಿದರು.

ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಟೆನೆಸ್ಸಿಯಲ್ಲಿ ವಿಮೆ ಕಳೆದುಕೊಂಡವರಲ್ಲಿ ತುಸು ಮೇಲಿನ ಆದಾಯದ, ವಿಮೆ ಸಹಿತ ಕೆಲಸ ಹುಡುಕಿಕೊಳ್ಳಬಲ್ಲ ಜನ ಹೆಚ್ಚಿದ್ದರು. ಒರೆಗಾನ್‌ನವರು ಬಡತನ ರೇಖೆಗಿಂತ ಕೆಳಗಿನವರು, ಅವರಿಗೆ ಸಿಗುವ ಕೆಲಸಗಳಿಗೆ ವಿಮೆಯೇ ಇರಲಿಲ್ಲ. ಟೆನೆಸ್ಸಿಯ ಫಲಿತಾಂಶ ಮೊದಲು ಕಂಡಷ್ಟು ಗಟ್ಟಿಯಲ್ಲ ಎಂದು ನಂತರದ ಮರುಪರಿಶೀಲನೆಯೂ ಹೇಳಿದೆ. 2014ರ ಮೆಡಿಕೇಡ್ ವಿಸ್ತರಣೆಯನ್ನು ಒಪ್ಪಿದ ಮತ್ತು ಒಪ್ಪದ ರಾಜ್ಯಗಳನ್ನು ಹೋಲಿಸಿದ ಅಧ್ಯಯನಗಳಲ್ಲೂ ಉದ್ಯೋಗದ ಮೇಲೆ ದೊಡ್ಡ ಪರಿಣಾಮ ಕಂಡುಬಂದಿಲ್ಲ. ಹೊಸ ಷರತ್ತಿನ ಗುರಿಯಾಗಿರುವವರು ಟೆನೆಸ್ಸಿಯವರಿಗಿಂತ ಒರೆಗಾನ್‌ನವರನ್ನೇ ಹೆಚ್ಚು ಹೋಲುತ್ತಾರೆ.

ಮೆಡಿಕೇಡ್‌ನ ಸ್ವರೂಪವನ್ನು ನೋಡಿದರೆ ಇದರಲ್ಲಿ ಆಶ್ಚರ್ಯವೂ ಇಲ್ಲ. ಆಹಾರ ನೆರವಿನಂತೆ ಅದು ಆದಾಯದ ಜೊತೆ ಮೆಲ್ಲಗೆ ಕರಗುವುದಿಲ್ಲ. ಮಿತಿಯ ಒಳಗಿರುವವರೆಗೆ ತಿಂಗಳಿಗೆ 20 ಗಂಟೆ ದುಡಿದರೂ 120 ಗಂಟೆ ದುಡಿದರೂ ವಿಮೆ ಅಷ್ಟೇ. ಹೀಗಾಗಿ ಬಹುಪಾಲು ಫಲಾನುಭವಿಗಳಿಗೆ ಮೆಡಿಕೇಡ್‌ನಿಂದ ಬರುವ ಸೀಮಾಂತ ತೆರಿಗೆ ಸೊನ್ನೆ. ಅದು ಬಂದು ತಗಲುವುದು ಶೇ 138ರ ಮಿತಿಯ ಅಂಚಿನಲ್ಲಿ, ಅಲ್ಲಿ ಒಂದು ಡಾಲರ್ ಹೆಚ್ಚಾದರೂ ಇಡೀ ವಿಮೆ ಹೋಗಿ ಬೇರೆ ವ್ಯವಸ್ಥೆಗೆ ದಾಟಬೇಕು. ಹೊಸ ಕಾಯ್ದೆ ಆ ಅಂಚನ್ನು ಮುಟ್ಟಿಲ್ಲ. ಸ್ನ್ಯಾಪ್‌ನ ಕಡಿತದ ದರವನ್ನೂ ಮುಟ್ಟಿಲ್ಲ. ಅಲ್ಲಿ ಅದು ಮಾಡಿರುವುದು ದುಡಿಮೆಯ ಷರತ್ತಿನ ವಯೋಮಿತಿಯನ್ನು 64ರವರೆಗೆ ಏರಿಸಿ, 14 ವರ್ಷ ಮತ್ತು ಮೇಲ್ಪಟ್ಟ ಮಕ್ಕಳ ಪೋಷಕರನ್ನೂ ಅದರೊಳಗೆ ತಂದಿರುವುದು. ಮುಲಿಗನ್ ಮತ್ತು ಅವರಿಗಿಂತ ಮೊದಲಿನವರು ತೋರಿಸಿದ ರೋಗ ಒಂದು ಕಡೆ, ಬರೆದ ಮದ್ದು ಇನ್ನೊಂದು ಕಡೆ ಎಂದು ನನಗೆ ಅನಿಸುವುದು ಈ ಕಾರಣಕ್ಕೆ.

ಷರತ್ತಿನ ಪರವಾದ ಗಟ್ಟಿ ವಾದ

ಹಾಗೆಂದು ಷರತ್ತಿನ ಪರ ಅರ್ಥಶಾಸ್ತ್ರದಲ್ಲಿ ಏನೂ ಇಲ್ಲ ಎಂದಲ್ಲ. ನೆರವಿಗೆ ಯಾರು ನಿಜಕ್ಕೂ ಅರ್ಹರು ಎಂಬುದು ಸರ್ಕಾರಕ್ಕೆ ಕಾಣುವುದಿಲ್ಲ, ಅರ್ಜಿದಾರನಿಗೆ ಮಾತ್ರ ಗೊತ್ತಿರುತ್ತದೆ. ನೆರವಿಗೆ ಒಂದಿಷ್ಟು ಕಷ್ಟವನ್ನು ಜೋಡಿಸಿದರೆ, ಅಗತ್ಯ ತೀವ್ರವಾಗಿರುವವರು ಅದನ್ನು ಸಹಿಸಿ ಬರುತ್ತಾರೆ, ಅಗತ್ಯ ಕಡಿಮೆಯಿರುವವರು ತಾವಾಗಿ ದೂರ ಸರಿಯುತ್ತಾರೆ ಎಂದು 1982ರಲ್ಲಿ ಆಲ್ಬರ್ಟ್ ನಿಕೋಲ್ಸ್ ಮತ್ತು ರಿಚರ್ಡ್ ಝೆಕ್‌ಹೌಸರ್ ತೋರಿಸಿದರು. 1992ರಲ್ಲಿ ಟಿಮೊತಿ ಬೆಸ್ಲಿ ಮತ್ತು ಸ್ಟೀಫನ್ ಕೋಟ್ ಇದೇ ತರ್ಕವನ್ನು ದುಡಿಮೆಯ ಷರತ್ತಿಗೆ ವಿಸ್ತರಿಸಿದರು. ಬಡ ಕುಟುಂಬಗಳ ನಗದು ನೆರವಿಗೆ ದುಡಿಮೆಯ ಷರತ್ತು ಹಾಕಿದ 1996ರ ಕಲ್ಯಾಣ ಸುಧಾರಣೆಯ ನಂತರ ಒಂಟಿ ತಾಯಂದಿರ ಉದ್ಯೋಗ ಏರಿದ್ದನ್ನು ಬೆಂಬಲಿಗರು ಈ ತರ್ಕದ ಸಾಕ್ಷಿಯಾಗಿ ಮುಂದಿಡುತ್ತಾರೆ. 2018ರ ಜುಲೈನಲ್ಲಿ ಶ್ವೇತಭವನದ ಆರ್ಥಿಕ ಸಲಹೆಗಾರರ ಮಂಡಳಿಯು ಮೆಡಿಕೇಡ್, ಆಹಾರ ಮತ್ತು ವಸತಿ ನೆರವುಗಳಿಗೂ ಷರತ್ತು ವಿಸ್ತರಿಸಬೇಕೆಂದು ವಾದಿಸಿದ ವರದಿಯಲ್ಲಿ ಈ ಅನುಭವಕ್ಕೆ ಮುಖ್ಯ ಸ್ಥಾನವಿತ್ತು.

1990ರ ದಶಕದ ಆ ಏರಿಕೆಯ ಶ್ರೇಯಸ್ಸು ಯಾರದ್ದು ಎಂಬುದು ಇನ್ನೂ ಮುಗಿಯದ ಜಗಳ. ಅದೇ ವರ್ಷಗಳಲ್ಲಿ ದುಡಿಯುವವರಿಗಷ್ಟೇ ಸಿಗುವ ಇಐಟಿಸಿಯೂ ದೊಡ್ಡದಾಯಿತು. ಇಬ್ಬರು ಮಕ್ಕಳಿದ್ದರೆ ಮೊದಲ ಹಂತದ ಗಳಿಕೆಯ ಪ್ರತಿ ಡಾಲರಿಗೆ ಅದು 40 ಸೆಂಟ್ ಸೇರಿಸಿ ಕೊಡುತ್ತದೆ. ಆರ್ಥಿಕತೆಯೂ ಭರದಿಂದ ಬೆಳೆಯುತ್ತಿತ್ತು. ಏರಿಕೆಯ ದೊಡ್ಡ ಪಾಲು ಇಐಟಿಸಿ ಮತ್ತು ತೆರಿಗೆ ಬದಲಾವಣೆಗಳದ್ದು ಎಂದು 2001ರಲ್ಲಿ ಬ್ರೂಸ್ ಮೆಯರ್ ಮತ್ತು ಡ್ಯಾನ್ ರೋಸೆನ್‌ಬಾಮ್ ಹೇಳಿದರು. ಇಐಟಿಸಿಯ ಪರಿಣಾಮವನ್ನು ಉತ್ಪ್ರೇಕ್ಷಿಸಲಾಗಿದೆ, ಕಲ್ಯಾಣ ಸುಧಾರಣೆ ಮತ್ತು ಆರ್ಥಿಕ ಏಳಿಗೆಯಿಂದ ಅದನ್ನು ಬೇರ್ಪಡಿಸಲಾಗದು ಎಂದು ಪ್ರಿನ್ಸ್‌ಟನ್‌ನ ಹೆನ್ರಿಕ್ ಕ್ಲೆವೆನ್ ಇತ್ತೀಚೆಗೆ ಮರುವಾದ ಹೂಡಿದ್ದಾರೆ.

ಅರ್ಕಾನ್ಸಾಸ್‌ನಲ್ಲಿ ಆದದ್ದು

ಮೆಡಿಕೇಡ್‌ಗೇ ಷರತ್ತು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ. 2018ರ ಜೂನ್‌ನಲ್ಲಿ ಅರ್ಕಾನ್ಸಾಸ್ ರಾಜ್ಯ 30ರಿಂದ 49 ವರ್ಷದವರಿಗೆ ಇದೇ ತಿಂಗಳಿಗೆ 80 ಗಂಟೆಗಳ ಷರತ್ತು ವಿಧಿಸಿತು. ಗಂಟೆಗಳ ವಿವರವನ್ನು ಪ್ರತಿ ತಿಂಗಳೂ ಸರ್ಕಾರದ ಅಂತರ್ಜಾಲ ತಾಣದಲ್ಲಿ ತುಂಬಬೇಕಿತ್ತು. ಮೊದಲ ತಿಂಗಳುಗಳಲ್ಲಿ ಬೇರೆ ದಾರಿಯೇ ಇರಲಿಲ್ಲ, ಆ ತಾಣವಾದರೂ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಮುಚ್ಚಿರುತ್ತಿತ್ತು. ಮೂರು ತಿಂಗಳು ತಪ್ಪಿದರೆ ವರ್ಷದ ಉಳಿದ ಅವಧಿಗೆ ವಿಮೆ ಇಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ 18,000ಕ್ಕೂ ಹೆಚ್ಚು ಜನ ಹೊರಬಿದ್ದರು. 2019ರ ಮಾರ್ಚ್‌ನಲ್ಲಿ ಕೇಂದ್ರ ನ್ಯಾಯಾಲಯ ಅದನ್ನು ತಡೆಯಿತು.

ಹಾರ್ವರ್ಡ್‌ನ ಬೆಂಜಮಿನ್ ಸಾಮರ್ಸ್ ಮತ್ತು ಸಂಗಡಿಗರು ನಡೆಸಿದ ಸಮೀಕ್ಷೆಯ ಪ್ರಕಾರ ಆ ವಯೋಮಾನದಲ್ಲಿ ವಿಮೆಯಿಲ್ಲದವರ ಪ್ರಮಾಣ ಶೇ 10.5ರಿಂದ ಶೇ 14.5ಕ್ಕೆ ಏರಿತು, ಉದ್ಯೋಗ ಏರಲಿಲ್ಲ. ಗುರಿಯಾಗಿದ್ದವರಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಒಂದೋ ಷರತ್ತನ್ನು ಆಗಲೇ ಪೂರೈಸುತ್ತಿದ್ದರು, ಇಲ್ಲವೇ ವಿನಾಯಿತಿಗೆ ಅರ್ಹರಾಗಿದ್ದರು. ಹೀಗೊಂದು ನಿಯಮ ಬಂದಿದೆ ಎಂಬುದೇ ಬಹಳ ಜನಕ್ಕೆ ತಿಳಿದಿರಲಿಲ್ಲ. ವರ್ಜೀನಿಯಾದಲ್ಲಿ ಸ್ನ್ಯಾಪ್‌ನ ದುಡಿಮೆಯ ಷರತ್ತನ್ನು ಅಧ್ಯಯನ ಮಾಡಿದವರಿಗೂ ಸಿಕ್ಕಿದ್ದು ಅಂಥದ್ದೇ ಚಿತ್ರ: ಷರತ್ತಿಗೆ ಒಳಪಟ್ಟವರಲ್ಲಿ ನೆರವು ಪಡೆಯುವವರ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿಯಿತು, ಉದ್ಯೋಗದಲ್ಲಿ ಕಣ್ಣಿಗೆ ಕಾಣುವ ಏರಿಕೆ ಇಲ್ಲ.

ಇಲ್ಲಿಯೇ ಆರಂಭದ ಒಗಟು ಬಿಡಿಸಿಕೊಳ್ಳುತ್ತದೆ. ದುಡಿಯುವುದು ಬೇರೆ, ದುಡಿದದ್ದನ್ನು ಸಾಬೀತುಪಡಿಸುವುದು ಬೇರೆ. ತಿಂಗಳ ಸಂಬಳದ ಚೀಟಿ ಇರುವವರಿಗೆ ಎರಡೂ ಒಂದೇ ಎನಿಸಬಹುದು. ಈ ವಾರ 30 ಗಂಟೆ, ಮುಂದಿನ ವಾರ 10 ಗಂಟೆ ಎಂದು ಮಾಲೀಕರ ಕರೆಗೆ ತಕ್ಕಂತೆ ದುಡಿಯುವವರಿಗೆ, ಎರಡು ಮೂರು ಕಡೆ ಕೂಲಿ ಮಾಡುವವರಿಗೆ, ನಗದಿನಲ್ಲಿ ಸಂಬಳ ಪಡೆಯುವವರಿಗೆ ದಾಖಲೆ ಹೊಂದಿಸುವುದೇ ಒಂದು ಕೆಲಸ. ನಿಕೋಲ್ಸ್ ಮತ್ತು ಝೆಕ್‌ಹೌಸರ್ ಅವರ ಜರಡಿ ಒಳ್ಳೆಯದೇ, ಆದರೆ ಅದು ಕೆಲಸ ಮಾಡಬೇಕಾದರೆ ಕಷ್ಟವು ಅಗತ್ಯವಿಲ್ಲದವರಿಗೆ ಹೆಚ್ಚು ಭಾರವೆನಿಸಬೇಕು. ಕಾಗದಪತ್ರದ ಕಷ್ಟ ಹೆಚ್ಚು ಭಾರವೆನಿಸುವುದು ಕಾಯಿಲೆ ಇರುವವರಿಗೆ, ಓದು ಕಡಿಮೆ ಇರುವವರಿಗೆ. ಸಾಮಾಜಿಕ ಭದ್ರತಾ ಕಚೇರಿಗಳು ಮುಚ್ಚಿದಾಗ ಅಂಗವೈಕಲ್ಯ ಭತ್ಯೆಯಿಂದ ಯಾರು ಹೊರಗುಳಿದರು ಎಂದು ಮನಸಿ ದೇಶಪಾಂಡೆ ಮತ್ತು ಯೂ ಲಿ 2019ರಲ್ಲಿ ಪರಿಶೀಲಿಸಿದಾಗ, ಕಡಿಮೆ ಓದಿದ ಅರ್ಜಿದಾರರೇ ಹೆಚ್ಚಾಗಿ ಹಿಂದೆ ಸರಿದದ್ದು ಕಂಡಿತು. ಜರಡಿ ಹಿಡಿಯಬೇಕಾದ್ದನ್ನು ಬಿಟ್ಟು ಬಿಡಬೇಕಾದ್ದನ್ನು ಹಿಡಿಯಿತು.

ಬಜೆಟ್ ಕಚೇರಿಯೂ ಇದೇ ಊಹೆಯ ಮೇಲೆ ಲೆಕ್ಕ ಹಾಕುತ್ತದೆ. 2023ರಲ್ಲಿ ಇಂಥದ್ದೇ ಮಸೂದೆಯೊಂದನ್ನು ಪರಿಶೀಲಿಸಿದಾಗ, ಉದ್ಯೋಗದ ಮೇಲೆ ಅದರ ಪರಿಣಾಮ ನಗಣ್ಯ ಎಂದು ಅದು ಹೇಳಿತ್ತು. ಎಂದಮೇಲೆ ಉಳಿತಾಯ ಬರುವುದು ಜನ ಹೊರಬೀಳುವುದರಿಂದ. ಷರತ್ತು ತನ್ನ ಘೋಷಿತ ಉದ್ದೇಶದಲ್ಲಿ ಗೆದ್ದು ಎಲ್ಲರೂ 80 ಗಂಟೆ ದುಡಿದು ದಾಖಲೆ ಒಪ್ಪಿಸಿದರೆ, ತೆರಿಗೆ ಕಡಿತಕ್ಕೆ ಹೊಂದಿಸಿಕೊಂಡಿರುವ ಆ ಉಳಿತಾಯ ಬರುವುದಿಲ್ಲ.

ರಾಜ್ಯಗಳ ಮುಂದಿರುವುದು

ಇನ್ನು ಎಲ್ಲವೂ ಅನುಷ್ಠಾನದ ಮೇಲೆ ನಿಂತಿದೆ. ಸಂಬಳದ ದಾಖಲೆಗಳನ್ನು, ಆಹಾರ ನೆರವಿನ ಕಡತಗಳನ್ನು ತಾನೇ ತಾಳೆ ನೋಡಿ, ಫಲಾನುಭವಿಯಿಂದ ಕಾಗದ ಕೇಳದೆ ಅರ್ಹತೆ ತೀರ್ಮಾನಿಸುವ ರಾಜ್ಯದಲ್ಲಿ ಹೊರಬೀಳುವವರು ಕಡಿಮೆಯಾಗುತ್ತಾರೆ. ಎಲ್ಲವನ್ನೂ ಅರ್ಜಿದಾರನ ಹೆಗಲಿಗೆ ಹಾಕುವ ರಾಜ್ಯದಲ್ಲಿ ಅರ್ಕಾನ್ಸಾಸ್ ಮರುಕಳಿಸುತ್ತದೆ. ಎಷ್ಟು ತಿಂಗಳ ಹಿಂದಿನ ದುಡಿಮೆಯನ್ನು ನೋಡಬೇಕು ಎಂಬಲ್ಲಿಯೂ ರಾಜ್ಯಗಳಿಗೆ ಆಯ್ಕೆಯಿದೆ. ಸಿದ್ಧತೆಗೆ ಪ್ರಾಮಾಣಿಕವಾಗಿ ಯತ್ನಿಸುತ್ತಿರುವ ರಾಜ್ಯಗಳಿಗೆ 2028ರ ಅಂತ್ಯದವರೆಗೆ ಗಡುವು ವಿಸ್ತರಿಸುವ ಅಧಿಕಾರ ಕೇಂದ್ರಕ್ಕಿದೆ.

ಖರ್ಚಿನ ಬಗ್ಗೆ ಜಾರ್ಜಿಯಾ ರಾಜ್ಯದ ಅನುಭವ ಎಚ್ಚರಿಕೆಯದ್ದು. 2023ರ ಜುಲೈನಲ್ಲಿ ದುಡಿಮೆಯ ಷರತ್ತಿನೊಂದಿಗೇ ಆರಂಭವಾದ ಅದರ ಯೋಜನೆಗೆ ಮೊದಲ ವರ್ಷ 25,000 ಜನ ಸೇರುವ ನಿರೀಕ್ಷೆಯಿತ್ತು, ಸೇರಿದವರು 5,000ಕ್ಕೂ ಕಡಿಮೆ. 2025ರ ವಸಂತದವರೆಗಿನ ಲೆಕ್ಕದಲ್ಲಿ ಚಿಕಿತ್ಸೆಗೆ ಆದ ಖರ್ಚಿಗಿಂತ ಆಡಳಿತಕ್ಕೆ ಆದ ಖರ್ಚು ಸುಮಾರು ಎರಡು ಪಟ್ಟು. ಮೂಗಿಗಿಂತ ಮೂಗುತಿ ಭಾರ.

ವಿಮೆ ಕಳೆದುಕೊಂಡವರ ಚಿಕಿತ್ಸೆಯ ಹೊರೆ ಮಾಯವಾಗುವುದಿಲ್ಲ. 1986ರ ಕಾಯ್ದೆಯಂತೆ ಆಸ್ಪತ್ರೆಗಳ ತುರ್ತು ವಿಭಾಗಗಳು ಹಣವಿಲ್ಲದವರನ್ನೂ ಪರೀಕ್ಷಿಸಿ ಸ್ಥಿರ ಸ್ಥಿತಿಗೆ ತರಲೇಬೇಕು, ಬಾರದ ಬಿಲ್ಲುಗಳ ಭಾರ ಆಸ್ಪತ್ರೆಗಳ ಮೇಲೆ, ಅದರಲ್ಲೂ ಲಾಭದ ಅಂಚು ತೆಳುವಾಗಿರುವ ಗ್ರಾಮೀಣ ಆಸ್ಪತ್ರೆಗಳ ಮೇಲೆ ಬೀಳುತ್ತದೆ. ಮಧುಮೇಹಕ್ಕೋ ಮಾನಸಿಕ ಕಾಯಿಲೆಗೋ ನಿಯಮಿತ ಔಷಧ ಪಡೆದು ಕೆಲಸ ಉಳಿಸಿಕೊಂಡಿದ್ದವರು ಔಷಧ ತಪ್ಪಿದರೆ ಕೆಲಸವನ್ನೂ ಕಳೆದುಕೊಳ್ಳಬಹುದು. ಆಗ ಷರತ್ತೇ ದುಡಿಮೆಯನ್ನು ಕುಗ್ಗಿಸಿದಂತಾಗುತ್ತದೆ.

2027ರಲ್ಲಿ ಫಲಾನುಭವಿಗಳ ಸಂಖ್ಯೆ ಇಳಿದಾಗ ಒಂದು ಕಡೆಯವರು ಅದನ್ನು ಸೋಮಾರಿಗಳ ನಿರ್ಗಮನ ಎನ್ನುತ್ತಾರೆ, ಇನ್ನೊಂದು ಕಡೆಯವರು ಅನ್ಯಾಯ ಎನ್ನುತ್ತಾರೆ. ಆ ಒಂದೇ ಅಂಕಿಯಿಂದ ಇಬ್ಬರ ಮಾತನ್ನೂ ಪರೀಕ್ಷಿಸಲಾಗದು. ಷರತ್ತಿಗೆ ಒಳಪಟ್ಟ 40 ರಾಜ್ಯಗಳಲ್ಲಿ ಕಡಿಮೆ ಆದಾಯದ ವಯಸ್ಕರ ಉದ್ಯೋಗ ಮತ್ತು ಗಳಿಕೆಯ ಪ್ರಮಾಣ, ಮೆಡಿಕೇಡ್ ವಿಸ್ತರಿಸದ ಕಾರಣ ಬಹುಮಟ್ಟಿಗೆ ಷರತ್ತಿನಿಂದ ಹೊರಗುಳಿಯುವ ಟೆಕ್ಸಾಸ್, ಫ್ಲೋರಿಡಾಗಳಂಥ ರಾಜ್ಯಗಳಿಗೆ ಹೋಲಿಸಿದರೆ ಹೇಗೆ ಬದಲಾಯಿತು ಎಂಬುದು ನೋಡಬೇಕಾದ ಅಂಕಿ. ಆ ಲೆಕ್ಕ ಕೈಗೆ ಸಿಗಲು ಮೊದಲ ಒಂದೆರಡು ಅರ್ಧವಾರ್ಷಿಕ ಪರಿಶೀಲನೆಗಳಾದರೂ ಮುಗಿಯಬೇಕು.